ಕಾಗದದಲ್ಲಿ ಇಲ್ಲದ ಪದಕ

ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವ ಸಂಚಿಕೆಗೆ ಸೈನಿಕರ ಕುರಿತು ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ನಾನು ಇದೇ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಮುಂದೆ ಸೈನ್ಯಕ್ಕೆ ಸೇರಿದವನು. ಆದರೆ ಯುದ್ಧದ ಕಥೆ ಹೇಳುವ ಅಧಿಕಾರ ನನಗಿಲ್ಲ. ನನ್ನ ನೌಕರಿಯ ಹೆಚ್ಚಿನ ವರ್ಷಗಳು ಸೈನ್ಯದ ದಾಖಲೆ ಕಚೇರಿಯೊಂದರಲ್ಲಿ, ಫೈಲುಗಳ ಕಪಾಟಿನ ಮಗ್ಗುಲಲ್ಲೇ ಕಳೆದವು. ಆದ್ದರಿಂದ ನಾನು ಬಲ್ಲ ವಿಷಯವನ್ನೇ ಬರೆಯುತ್ತೇನೆ. ಯುದ್ಧದಲ್ಲಿ ದುಡಿದವನ ಹೆಸರಿನ ಮುಂದೆ ಅವನು ಗಳಿಸಿದ ಪದಕ ಬರೆದಿರದಿದ್ದರೆ ಏನಾಗುತ್ತದೆ? ಅದನ್ನು ಮತ್ತೆ ಬರೆಸುವುದು ಹೇಗೆ? ಇದೂ ಇತಿಹಾಸವೇ. ನಮ್ಮ ಭಾಗದವರಿಗಂತೂ ಇದು ಹತ್ತಿರದ ಇತಿಹಾಸ.

ಸೈನಿಕನ ಜಾತಕ

ಸೈನ್ಯಕ್ಕೆ ಸೇರಿದ ದಿನದಿಂದ ಸಿಪಾಯಿಗೆ ಒಂದು ನಂಬರು ಬರುತ್ತದೆ. ಅವನ ಹೆಸರಿನಲ್ಲಿ 'ಶೀಟ್ ರೋಲ್' ಎಂಬ ಕಾಗದ ತೆರೆಯುತ್ತದೆ. ಹುಟ್ಟಿದ ದಿನ, ತಂದೆಯ ಹೆಸರು, ಊರು, ಮೈಮೇಲಿನ ಮಚ್ಚೆ, ಮದುವೆ, ಮಕ್ಕಳು, ಬಡ್ತಿ, ಶಿಕ್ಷೆ, ಗಾಯ, ಪದಕ ಎಲ್ಲವೂ ಅದರಲ್ಲಿ ಬರಬೇಕು. ಸಿಪಾಯಿ ಎಲ್ಲೋ ಹಿಮದಲ್ಲಿರುತ್ತಾನೆ, ಕಾಗದ ಮಾತ್ರ ದೂರದ ದಾಖಲೆ ಕಚೇರಿಯಲ್ಲಿರುತ್ತದೆ. ಇವೆರಡನ್ನು ಜೋಡಿಸುವುದು 'ಪಾರ್ಟ್ ಟೂ ಆರ್ಡರ್'. ಪಲ್ಟಣದ ಗುಮಾಸ್ತ ಬರೆದು ಕಳಿಸಿದರೆ ದಾಖಲೆ ಕಚೇರಿಯ ಗುಮಾಸ್ತ ಅದನ್ನು ಶೀಟ್ ರೋಲಿಗೆ ಏರಿಸುತ್ತಾನೆ. ಮಗು ಹುಟ್ಟಿದರೂ ಪಾರ್ಟ್ ಟೂ ಆರ್ಡರ್, ಪದಕ ಬಂದರೂ ಪಾರ್ಟ್ ಟೂ ಆರ್ಡರ್. ಅದು ಹೊರಡದಿದ್ದರೆ, ಅಥವಾ ಹೊರಟು ದಾರಿಯಲ್ಲಿ ತಪ್ಪಿದರೆ, ಆ ಸಂಗತಿ ಕಾಗದದ ಮಟ್ಟಿಗೆ ನಡೆದೇ ಇಲ್ಲ.

ನೌಕರಿ ಮುಗಿದಾಗ ಕೈಗೆ ಬರುವ ಡಿಸ್ಚಾರ್ಜ್ ಪುಸ್ತಕ ಈ ಶೀಟ್ ರೋಲಿನ ಸಾರ. ಅಲ್ಲಿ ಬಿಟ್ಟುಹೋದದ್ದು ಇಲ್ಲಿಯೂ ಬಿಟ್ಟುಹೋಗುತ್ತದೆ.

ಪದಕಗಳಲ್ಲಿ ಎರಡು ಬಗೆ. ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರಗಳು ಶೌರ್ಯಕ್ಕೆ. ಇವನ್ನು 1950ರ ಜನವರಿ 26ರಂದು ಸ್ಥಾಪಿಸಿ, 1947ರ ಆಗಸ್ಟ್ 15ರಿಂದಲೇ ಅನ್ವಯವಾಗುವಂತೆ ಮಾಡಲಾಯಿತು. ಇನ್ನೊಂದು ಬಗೆ ಸೇವಾ ಪದಕಗಳು. 1965ರ ಯುದ್ಧಕ್ಕೆ ರಕ್ಷಾ ಮೆಡಲ್ ಮತ್ತು ಸಮರ ಸೇವಾ ಸ್ಟಾರ್ ಬಂದವು. 1971ರ ಯುದ್ಧಕ್ಕೆ ಸಂಗ್ರಾಮ ಮೆಡಲ್ ಬಂತು. ಅದರ ಜೊತೆಗೆ ಪೂರ್ವ ರಂಗದಲ್ಲಿದ್ದವರಿಗೆ ಪೂರ್ವಿ ಸ್ಟಾರ್, ಪಶ್ಚಿಮ ರಂಗದಲ್ಲಿದ್ದವರಿಗೆ ಪಶ್ಚಿಮಿ ಸ್ಟಾರ್. ಶೌರ್ಯ ಪದಕ ಸಾವಿರದಲ್ಲಿ ಒಬ್ಬರಿಗೆ ಬಂದರೆ ಹೆಚ್ಚು. ಸೇವಾ ಪದಕ ಆ ಜಾಗದಲ್ಲಿ ದುಡಿದ ಎಲ್ಲರ ಹಕ್ಕು. ಹಳ್ಳಿಯ ಸಾಮಾನ್ಯ ಸಿಪಾಯಿಗೆ 'ನಾನು ಆ ಯುದ್ಧದಲ್ಲಿದ್ದೆ' ಎಂದು ಹೇಳುವ ಒಂದೇ ಸಾಕ್ಷಿ ಅದು.

ನಿಜಾಮನ ಕಾಲದ ಗೊಂದಲ

ನಮ್ಮ ಚಿಮ್ಮನಚೋಡ, ಚಿಂಚೋಳಿ, ಸೇಡಂ, ಚಿತ್ತಾಪುರ ಸೀಮೆ 1948ರ ಸೆಪ್ಟೆಂಬರ್ 17ರವರೆಗೆ ನಿಜಾಮನ ಆಳ್ವಿಕೆಯಲ್ಲಿತ್ತು. ಮೈಸೂರು ರಾಜ್ಯಕ್ಕೆ ನಾವು ಸೇರಿದ್ದು 1956ರ ನವೆಂಬರ್ 1ರಂದು. ಆದ್ದರಿಂದ ಹಳೆಯ ತಲೆಮಾರಿನ ಸೈನಿಕರ ಕಾಗದ ಹುಡುಕುವಾಗ ಮೊದಲು ಎದುರಾಗುವ ಪ್ರಶ್ನೆ, ಅವರು ಯಾವ ಸೈನ್ಯದಲ್ಲಿದ್ದರು ಎಂಬುದು.

'ನಮ್ಮ ಮುತ್ಯಾ ಹೈದರಾಬಾದ್ ಪಲ್ಟಣದಾಗ ಇದ್ದ' ಎಂದು ಮನೆಯಲ್ಲಿ ಹೇಳುತ್ತಾರೆ. ಆ ಹೆಸರಿನಲ್ಲಿ ಎರಡು ಬೇರೆ ಬೇರೆ ಸೈನ್ಯಗಳಿದ್ದವು. ಒಂದು, ನಿಜಾಮನ ಸಂಸ್ಥಾನದ ಸ್ವಂತ ಪಡೆ. ಇನ್ನೊಂದು, ಬ್ರಿಟಿಷ್ ಇಂಡಿಯಾದ ಸೈನ್ಯಕ್ಕೆ ಸೇರಿದ '19ನೇ ಹೈದರಾಬಾದ್ ರೆಜಿಮೆಂಟ್'. ಎರಡನೆಯದಕ್ಕೆ ಹೆಸರು ಮಾತ್ರ ಹಳೆಯ ಹೈದರಾಬಾದ್ ಕಂಟಿಂಜೆಂಟಿನಿಂದ ಉಳಿದಿತ್ತು. ಅದರಲ್ಲಿ ಕುಮಾವ್ ಗುಡ್ಡಗಾಡಿನವರು, ಉತ್ತರದ ಅಹೀರರು, ಜಾಟರು ಹೆಚ್ಚು. 1945ರ ಅಕ್ಟೋಬರ್ 27ರಂದು ಅದರ ಹೆಸರು ಕುಮಾವ್ ರೆಜಿಮೆಂಟ್ ಎಂದು ಬದಲಾಯಿತು. ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು ಬರ್ಮಾ ಯುದ್ಧದಲ್ಲಿ ನಡೆಸಿದ್ದು ಇದೇ ರೆಜಿಮೆಂಟಿನ 8ನೇ ಬೆಟಾಲಿಯನ್. ಮೊದಲ ಪರಮವೀರ ಚಕ್ರ ಪಡೆದ ಮೇಜರ್ ಸೋಮನಾಥ ಶರ್ಮರು ಅಧಿಕಾರಿಯಾಗಿ ಸೇರಿದ್ದೂ ಅದೇ ಬೆಟಾಲಿಯನ್ನಿಗೆ.

ಗೊಂದಲ ಹೆಚ್ಚಿಸಲು ಇನ್ನೊಂದು ಸಂಗತಿ ಇದೆ. 1941ರ ಡಿಸೆಂಬರಿನಲ್ಲಿ ಜಪಾನಿಯರು ಮಲಯದ ಮೇಲೆ ಬಿದ್ದಾಗ ಎರಡೂ ಪಡೆಗಳು ಆ ದೇಶದಲ್ಲಿದ್ದವು. ನಿಜಾಮನ ಸಂಸ್ಥಾನದ ಒಂದನೇ ಹೈದರಾಬಾದ್ ಇನ್‌ಫಂಟ್ರಿ ಕೋಟ ಭಾರುವಿನ ವಿಮಾನ ನಿಲ್ದಾಣದ ಕಾವಲಿಗಿತ್ತು. 19ನೇ ಹೈದರಾಬಾದ್ ರೆಜಿಮೆಂಟಿನ 4ನೇ ಬೆಟಾಲಿಯನ್ನೂ ಅದೇ ಕದನದಲ್ಲಿತ್ತು. ಹೀಗಾಗಿ 'ಹೈದರಾಬಾದ್, ಮಲಯ' ಎಂದಷ್ಟೇ ಬರೆದ ಅರ್ಜಿ ತಪ್ಪು ಕಚೇರಿಗೆ ಹೋಗಿ ಕೂತುಬಿಡಬಹುದು. ಪಡೆಯ ಪೂರ್ತಿ ಹೆಸರು ಬರೆಯುವುದು ಇಂಥ ಕೆಲಸದ ಮೊದಲ ಪಾಠ.

ಮೊದಲ ಮಹಾಯುದ್ಧದಲ್ಲಿಯೂ ನಮ್ಮ ಸಂಸ್ಥಾನದ ಕುದುರೆ ಪಡೆ ದೂರ ಹೋಗಿತ್ತು. ಮೈಸೂರು, ಜೋಧಪುರ ಮತ್ತು ಹೈದರಾಬಾದ್ ಲ್ಯಾನ್ಸರ್‌ಗಳು ಒಂದೇ ಬ್ರಿಗೇಡಿನಲ್ಲಿದ್ದವು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದ ಮೇಲೆ ದಾಳಿ ಮಾಡಿ ಗೆದ್ದವರು ಜೋಧಪುರ ಮತ್ತು ಮೈಸೂರು ಸವಾರರು. ದಿಲ್ಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು ಈ ಮೂರೂ ಸಂಸ್ಥಾನಗಳ ಸವಾರರ ನೆನಪಿಗೆ 1922ರಲ್ಲಿ ನಿಂತವು. 2018ರಲ್ಲಿ ಆ ಚೌಕಕ್ಕೆ ಹೈಫಾದ ಹೆಸರೂ ಸೇರಿತು.

ಆದರೆ ಪ್ರತಿಮೆ ನಿಲ್ಲಿಸಿದಷ್ಟು ಸುಲಭವಾಗಿ ಒಬ್ಬೊಬ್ಬರ ಹೆಸರು ಬರೆಯಲಿಲ್ಲ. ಮೆಸೊಪೊಟೇಮಿಯಾದಲ್ಲಿ ಸತ್ತವರಿಗಾಗಿ ಕಟ್ಟಿದ ಬಸ್ರಾ ಸ್ಮಾರಕದಲ್ಲಿ ಅಧಿಕಾರಿಗಳ ಹೆಸರು ಕೆತ್ತಿದರು. ಭಾರತದ ಸಾಮಾನ್ಯ ಸಿಪಾಯಿಗಳನ್ನು ಆಯಾ ಪಲ್ಟಣದ ಕೆಳಗೆ 'ಇಷ್ಟು ಮಂದಿ' ಎಂದು ಲೆಕ್ಕದಲ್ಲಿ ಸೇರಿಸಿದರು. ಯುದ್ಧ ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಆಯೋಗವೇ 2021ರಲ್ಲಿ ವರದಿ ಹೊರಡಿಸಿ ಇದನ್ನು ಒಪ್ಪಿಕೊಂಡಿತು. ಭಾರತ, ಆಫ್ರಿಕಾ, ಈಜಿಪ್ಟಿನ 45,000ರಿಂದ 54,000 ಮಂದಿಗೆ ಉಳಿದವರಿಗೆ ಸಮನಾದ ಸ್ಮರಣೆ ಸಿಕ್ಕಿಲ್ಲ ಎಂದು ಅದರಲ್ಲಿ ಅಂದಾಜು ಮಾಡಿದ್ದಾರೆ. ಕನಿಷ್ಠ 1,16,000 ಮಂದಿಯ, ಮುಖ್ಯವಾಗಿ ಆಫ್ರಿಕಾ ಮತ್ತು ಈಜಿಪ್ಟಿನವರ, ಹೆಸರೇ ಬರೆಯಲಾಗಿಲ್ಲ ಎಂದೂ ಹೇಳಿದ್ದಾರೆ. ನೂರು ವರ್ಷದ ಮೇಲೆಯೂ ದಾಖಲೆ ತಿದ್ದುವ ಕೆಲಸ ನಡೆಯಬಹುದು ಎಂಬುದಕ್ಕೆ ಇದು ದೊಡ್ಡ ಉದಾಹರಣೆ.

ದೇವಯ್ಯನವರ ಇಪ್ಪತ್ತಮೂರು ವರ್ಷ

ನಮ್ಮ ಕರ್ನಾಟಕದಲ್ಲೇ ಇದಕ್ಕಿಂತ ಮನಮುಟ್ಟುವ ಉದಾಹರಣೆ ಇದೆ. ವಿದ್ಯಾರ್ಥಿಗಳು ಇದನ್ನು ತಿಳಿದಿರಲೇಬೇಕು.

ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು ಕೊಡಗಿನವರು. 1932ರಲ್ಲಿ ಹುಟ್ಟಿ, 1954ರಲ್ಲಿ ವಾಯುಪಡೆಯ ಪೈಲಟ್ ಆದರು. ಕಿರಿಯ ಪೈಲಟ್‌ಗಳಿಗೆ ಹಾರಾಟ ಕಲಿಸುವ ಶಿಕ್ಷಕರಾಗಿದ್ದರು. 1965ರಲ್ಲಿ ಯುದ್ಧ ಬಂದಾಗ ಒಂದನೇ ಸ್ಕ್ವಾಡ್ರನ್ನಿನ ಜೊತೆ ಪಂಜಾಬಿನ ಆದಂಪುರ ನೆಲೆಯಲ್ಲಿದ್ದರು. ಸೆಪ್ಟೆಂಬರ್ 7ರ ನಸುಕಿನಲ್ಲಿ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಮಿಸ್ಟೇರ್ ವಿಮಾನಗಳು ಸಿದ್ಧವಾದವು. ನಾಯಕರು ವಿಂಗ್ ಕಮಾಂಡರ್ ಓ.ಪಿ. ತನೇಜಾ. ದೇವಯ್ಯನವರು ಮೂಲ ತಂಡದಲ್ಲಿರಲಿಲ್ಲ. ಯಾವುದಾದರೂ ವಿಮಾನ ಹೊರಡದಿದ್ದರೆ ಬದಲಿಗೆಂದು ಇಟ್ಟ ಪೈಲಟ್ ಅವರು. ಒಂದು ವಿಮಾನ ಹಿಂದೆ ಉಳಿಯಿತು, ಇವರು ಹಾರಿದರು.

ಹಿಂದಿರುಗುವ ಹೊತ್ತಿಗೆ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನವೊಂದು ಅವರನ್ನು ಅಡ್ಡಗಟ್ಟಿತು. ಸ್ಟಾರ್‌ಫೈಟರ್ ಶಬ್ದದ ಎರಡು ಪಟ್ಟು ವೇಗದ್ದು. ಮಿಸ್ಟೇರ್ ಅದರ ಮುಂದೆ ನಿಧಾನದ ವಿಮಾನ. ಎದುರಾಳಿ ಪೈಲಟ್ ಅಮ್ಜದ್ ಹುಸೇನ್ ಗುಂಡು ಹಾರಿಸಿ ಮಿಸ್ಟೇರಿಗೆ ಪೆಟ್ಟು ಕೊಟ್ಟರು. ಪೆಟ್ಟು ತಿಂದ ವಿಮಾನದಲ್ಲೇ ದೇವಯ್ಯನವರು ತಿರುಗಿ ಬಿದ್ದು ಕಾದಾಡಿ ಆ ಸ್ಟಾರ್‌ಫೈಟರನ್ನು ಹೊಡೆದರು. ಅಮ್ಜದ್ ಹುಸೇನ್ ಪ್ಯಾರಾಶೂಟಿನಿಂದ ಇಳಿದು ಬದುಕಿದರು. ದೇವಯ್ಯನವರು ಬದುಕಲಿಲ್ಲ.

ಇದನ್ನು ನಮ್ಮ ಕಡೆಯವರು ಯಾರೂ ನೋಡಿರಲಿಲ್ಲ. ಉಳಿದ ವಿಮಾನಗಳು ಆದಂಪುರಕ್ಕೆ ಮರಳಿದವು, ಒಂದು ಮರಳಲಿಲ್ಲ. ದಾಖಲೆಯಲ್ಲಿ ಬರೆದದ್ದು 'ಕಾಣೆಯಾಗಿದ್ದಾರೆ' ಎಂದು, ಬಳಿಕ 'ಮೃತರೆಂದು ಭಾವಿಸಲಾಗಿದೆ' ಎಂದು. ಬರೆದ ಗುಮಾಸ್ತನದು ತಪ್ಪಲ್ಲ, ಗೊತ್ತಿದ್ದುದು ಅಷ್ಟೇ. ಆದರೆ ಕೊಡಗಿನಲ್ಲಿ ಕಾಯುತ್ತಿದ್ದ ಹೆಂಡತಿ ಮಕ್ಕಳ ಪಾಲಿಗೆ ಆ ಎರಡು ಸಾಲಿನ ಆಚೆ ಏನೂ ಇರಲಿಲ್ಲ.

ಸತ್ಯ ಹೊರಬಿದ್ದದ್ದು ಎದುರಾಳಿಯ ಕಡೆಯಿಂದ. 1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕರು ಪಾಕಿಸ್ತಾನದ ವಾಯುಪಡೆಯ ಸಹಕಾರದಿಂದ 1965ರ ಆಕಾಶ ಯುದ್ಧದ ಬಗ್ಗೆ ಪುಸ್ತಕ ಪ್ರಕಟಿಸಿದರು. ಸ್ಟಾರ್‌ಫೈಟರ್ ಬಿದ್ದದ್ದು ಒಂದು ಮಿಸ್ಟೇರಿನ ಪೈಲಟ್‌ನ ಜೊತೆಗಿನ ಕಾದಾಟದಲ್ಲಿ ಎಂಬುದು ಅದರಿಂದ ತಿಳಿಯಿತು. ಅಂದಿನ ನಾಯಕರಾಗಿದ್ದ ತನೇಜಾ ಅವರು ಲೆಕ್ಕ ಹಾಕಿದರು. ಆ ದಾಳಿಯಲ್ಲಿ ಮರಳದವರು ಒಬ್ಬರೇ, ಹಾಗಾದರೆ ಆ ಪೈಲಟ್ ದೇವಯ್ಯನವರೇ. ಅವರು ಈ ವಿಷಯವನ್ನು ಮೇಲಿನವರ ಗಮನಕ್ಕೆ ತಂದು ಬೆನ್ನು ಹತ್ತಿದರು. 1988ರಲ್ಲಿ, ಯುದ್ಧ ಮುಗಿದ 23 ವರ್ಷಗಳ ಮೇಲೆ, ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಘೋಷಣೆಯಾಯಿತು. ಪದಕ ಸ್ವೀಕರಿಸಿದವರು ಅವರ ಪತ್ನಿ. ವಾಯುಪಡೆಯಲ್ಲಿ ಮರಣೋತ್ತರವಾಗಿ ಈ ಪದಕ ಪಡೆದವರು ಅವರೊಬ್ಬರೇ. ಇಂದು ಮಡಿಕೇರಿಗೆ ಹೋದವರು ಅವರ ಪ್ರತಿಮೆಯನ್ನು ನೋಡಬಹುದು.

ಈ ಪ್ರಕರಣದಲ್ಲಿ ನಾನು ಗಮನಿಸಿದ್ದು ಮೂರು ಸಂಗತಿ. ಸಾಕ್ಷಿ ಯಾವ ದಿಕ್ಕಿನಿಂದಲಾದರೂ ಬರಬಹುದು, ಹೊಡೆದವನ ಕಡೆಯಿಂದಲೂ. ಸಾಕ್ಷಿ ಬಂದರೆ ಸಾಲದು, ಅದನ್ನು ಹಳೆಯ ಕಾಗದಕ್ಕೆ ಜೋಡಿಸಿ ನೋಡುವ ಒಬ್ಬ ಮನುಷ್ಯ ಬೇಕು. ಮೂರನೆಯದು, ಆ ಮನುಷ್ಯ ಬೇಸರಪಡಬಾರದು.

ನಮ್ಮ ಸೀಮೆಯ ಒಬ್ಬ ಚಾಲಕ

ದೇವಯ್ಯನವರಂಥ ದೊಡ್ಡ ಕಥೆ ಪ್ರತಿ ಊರಿನಲ್ಲಿ ಇರುವುದಿಲ್ಲ. ಸಣ್ಣ ಕಥೆಗಳಿರುತ್ತವೆ. ನಾನು ನಿವೃತ್ತನಾಗಿ ಊರಿಗೆ ಬಂದ ಮೇಲೆ ಮುಲ್ಲಾಮಾರಿ ದಂಡೆಯ ಹಳ್ಳಿಯ ಒಬ್ಬ ಹಿರಿಯರು ಒಂದು ತಗಡಿನ ಪೆಟ್ಟಿಗೆ ತಂದು ನನ್ನ ಮುಂದಿಟ್ಟರು. ಅವರ ಇಚ್ಛೆಯಂತೆ ಹೆಸರು ಬರೆಯುವುದಿಲ್ಲ. 1971ರಲ್ಲಿ ಸೈನ್ಯದ ಟ್ರಕ್ ಚಾಲಕರಾಗಿದ್ದವರು. ಡಿಸ್ಚಾರ್ಜ್ ಪುಸ್ತಕದಲ್ಲಿ ಸಂಗ್ರಾಮ ಮೆಡಲ್ ಇತ್ತು, ಪೂರ್ವಿ ಸ್ಟಾರ್ ಇರಲಿಲ್ಲ.

"ಕಾಕಾ, ಇದರಿಂದ ಪಿಂಚಣಿ ಏನೂ ಹೆಚ್ಚಾಗಂಗಿಲ್ಲ" ಎಂದು ನಾನು ಮೊದಲೇ ಹೇಳಿದೆ. ಸೇವಾ ಪದಕಕ್ಕೆ ಹಣವಿಲ್ಲ.

"ರೊಕ್ಕದ ಮಾತಲ್ಲ ತಮ್ಮಾ" ಎಂದರು. "ಕಾಗದದಾಗ ಇಲ್ಲಂದ್ರ ನಾ ಅಲ್ಲಿ ಹೋಗೇ ಇಲ್ಲೇನು? ನನ್ನ ಜೋಡಿ ಗಾಡಿ ಹೊಡೆದವ ಅಲ್ಲೇ ಸತ್ತಾನ. ಅವನ ಹೆಸರು ಹೇಳಾಕ ನಾ ಒಬ್ಬನೇ ಉಳಿದೀನಿ."

ಆದದ್ದು ಇಷ್ಟು. ಯುದ್ಧದ ಆ ದಿನಗಳಲ್ಲಿ ಅವರನ್ನು ಸ್ವಂತ ಪಲ್ಟಣದಿಂದ ತೆಗೆದು ಇನ್ನೊಂದು ಘಟಕಕ್ಕೆ ತಾತ್ಕಾಲಿಕವಾಗಿ ಜೋಡಿಸಿದ್ದರು. ಅವರ ಪಲ್ಟಣ ಪೂರ್ವಕ್ಕೆ ಹೋಗಲಿಲ್ಲ, ಇವರು ಹೋದರು. ಪದಕದ ಪಟ್ಟಿ ತಯಾರಿಸುವಾಗ ಆ ಘಟಕ ಇವರನ್ನು ತನ್ನವರಲ್ಲ ಎಂದು ಬಿಟ್ಟಿತು. ಸ್ವಂತ ಪಲ್ಟಣದವರಿಗೆ ಅವರು ಪೂರ್ವದಲ್ಲಿದ್ದದ್ದೇ ನೆನಪಿರಲಿಲ್ಲ. ಇಂಥ ಜೋಡಣೆಯ ಜವಾನರ ಕಾಗದಗಳಲ್ಲಿ ಹೀಗೆ ಬಿಟ್ಟುಹೋಗುವುದನ್ನು ನಾನು ನೌಕರಿಯಲ್ಲಿ ಅನೇಕ ಸಲ ಕಂಡಿದ್ದೆ.

ಮೊದಲ ಅರ್ಜಿಗೆ 'ದಾಖಲೆಯಲ್ಲಿ ನಮೂದು ಇಲ್ಲ' ಎಂದು ಒಂದೇ ಸಾಲಿನ ಉತ್ತರ ಬಂತು. ಆಗ ಪೆಟ್ಟಿಗೆಯ ತಳ ಶೋಧಿಸಿದೆವು. ಅವರ ತಾಯಿಗೆ ಬರೆದ ಎರಡು ಇನ್‌ಲ್ಯಾಂಡ್ ಪತ್ರಗಳು ಸಿಕ್ಕವು. ವಿಳಾಸ '99 ಎ.ಪಿ.ಓ.' ಸೈನ್ಯದ ಅಂಚೆಯಲ್ಲಿ 56 ಎಂದರೆ ಪಶ್ಚಿಮ, 99 ಎಂದರೆ ಪೂರ್ವ. ಅದೊಂದರಿಂದ ಯುದ್ಧಭೂಮಿಯಲ್ಲಿದ್ದರೆಂದು ಸಾಬೀತಾಗುವುದಿಲ್ಲ, ಪೂರ್ವದ ಯಾವ ಶಿಬಿರದಲ್ಲಿದ್ದರೂ ವಿಳಾಸ ಅದೇ. ಆದರೆ ಪತ್ರದಲ್ಲಿ ಜೋಡಿಸಿದ ಘಟಕದ ಹೆಸರು ಮತ್ತು ತಾರೀಖು ಇದ್ದವು. ಜೊತೆಗೆ ಆ ಘಟಕದ ಅಧಿಕಾರಿಯ ಸಹಿ ಇದ್ದ ಗಾಡಿಯ ಚೀಟಿಯೊಂದು ಸಿಕ್ಕಿತು. ಇವುಗಳ ಪ್ರತಿ ಲಗತ್ತಿಸಿ, 'ನನ್ನ ಪಲ್ಟಣದ ದಾಖಲೆ ಬೇಡ, ಈ ಘಟಕದ ಆ ತಿಂಗಳ ಜೋಡಣೆ ಆದೇಶ ನೋಡಿ' ಎಂದು ಎರಡನೇ ಅರ್ಜಿ ಹಾಕಿದೆವು. ಮೊದಲ ಅರ್ಜಿಯಲ್ಲಿ ಕೇಳಿದ್ದು ಪದಕ, ಎರಡನೆಯದರಲ್ಲಿ ತೋರಿಸಿದ್ದು ಹುಡುಕಬೇಕಾದ ಜಾಗ. ಗುಮಾಸ್ತನಾಗಿ ಹೇಳುತ್ತೇನೆ, ಎರಡನೆಯ ಬಗೆಯ ಅರ್ಜಿ ಮೇಜಿಗೆ ಬಂದರೆ ಕಪಾಟು ತೆಗೆಯಲು ಮನಸ್ಸಾಗುತ್ತದೆ.

ಎರಡು ವರ್ಷಕ್ಕೂ ಮೇಲೆ ಹಿಡಿಯಿತು. ನಮೂದು ಆದ ಪತ್ರ ಬಂದಾಗ ಕಾಕಾಗೆ ಕಣ್ಣು ಮಂಜಾಗಿತ್ತು. ನಮ್ಮದೇ ಶಾಲೆಯ ಒಂಬತ್ತನೇ ತರಗತಿಯಲ್ಲಿದ್ದ ಮೊಮ್ಮಗಳು ಅದನ್ನು ಓದಿ ಹೇಳಿದಳು. 'ಪೂರ್ವಿ ಸ್ಟಾರ್' ಎಂಬಲ್ಲಿ ಅವರು ಇನ್ನೊಮ್ಮೆ ಓದು ಎಂದರು. ಆ ಮೇಲೆ ಜೊತೆಗಾರನ ಹೆಸರು ಹೇಳಿ ಸುಮ್ಮನಾದರು.

ಹೋರಾಟಗಾರರ ಕಾಗದವೂ ಹೀಗೆಯೇ

ಸೈನ್ಯದ ಸಮವಸ್ತ್ರ ತೊಡದವರ ವಿಷಯದಲ್ಲಿಯೂ ನಮ್ಮ ಭಾಗ ಇದನ್ನು ಅನುಭವಿಸಿದೆ. ಕೇಂದ್ರ ಸರ್ಕಾರ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿಯನ್ನು 1972ರಲ್ಲಿ ಆರಂಭಿಸಿತು. ಹೈದರಾಬಾದ್ ವಿಮೋಚನಾ ಹೋರಾಟಕ್ಕೆ ಅದರಲ್ಲಿ ಮಾನ್ಯತೆ ಸಿಕ್ಕದ್ದು 1985ರಲ್ಲಿ. ಜೈಲಿಗೆ ಹೋದವರಿಗೆ ಜೈಲಿನ ಕಾಗದ ಇತ್ತು. ಗಡಿ ಶಿಬಿರಗಳಲ್ಲಿ ಇದ್ದು ರಜಾಕಾರರ ವಿರುದ್ಧ ಹೋರಾಡಿದವರಿಗೆ, ತಲೆಮರೆಸಿಕೊಂಡು ತಿರುಗಿದವರಿಗೆ ಯಾವ ರಿಜಿಸ್ಟರು ಇರಬೇಕು? ಜೊತೆಗಿದ್ದವರ ಮಾತೇ ಅವರ ಸಾಕ್ಷಿ. ಜೊತೆಗಿದ್ದವರು ತೀರಿಹೋದಂತೆ ಸಾಕ್ಷಿಯೂ ಹೋಯಿತು. ಇದರ ನಡುವೆ ಹೋರಾಡದವರೂ ಅರ್ಜಿ ಹಾಕಿದರು, ಹೋರಾಡಿದವರು ಹಾಕದೆ ಉಳಿದರು ಎಂಬ ಮಾತು ನಮ್ಮ ಕಟ್ಟೆಗಳ ಮೇಲೆ ಇಂದಿಗೂ ಕೇಳುತ್ತದೆ. ಕಾಗದವನ್ನು ಸಮಯಕ್ಕೆ ಬರೆದಿಡದಿದ್ದರೆ ಕಳೆದುಕೊಳ್ಳುವವರು ನಿಜವಾಗಿ ದುಡಿದವರೇ.

ಮನೆಯಲ್ಲಿ ಮಾಡಬೇಕಾದ ಕೆಲಸ

ಈ ಸಂಚಿಕೆ ನೂರಾರು ಮನೆಗಳಿಗೆ ಹೋಗುತ್ತದೆ. ಅವುಗಳಲ್ಲಿ ಕೆಲವಾದರೂ ಸೈನಿಕರ ಮನೆಗಳು. ಅವರಿಗಾಗಿ ನಾಲ್ಕು ಮಾತು.

ಡಿಸ್ಚಾರ್ಜ್ ಪುಸ್ತಕವನ್ನು ಒಮ್ಮೆ ತೆರೆದು ಪೂರ್ತಿ ಓದಿ. ಪದಕದ ಪುಟ ಮಾತ್ರವಲ್ಲ, ಹೆಂಡತಿಯ ಹೆಸರು, ಹುಟ್ಟಿದ ದಿನ, ಮಕ್ಕಳ ಹೆಸರು ಆಧಾರ್ ಮತ್ತು ಬ್ಯಾಂಕ್ ಪುಸ್ತಕದ ಹೆಸರಿಗೆ ಹೊಂದುತ್ತವೆಯೇ ನೋಡಿ. ಸೈನಿಕ ಬದುಕಿರುವಾಗ ಒಂದು ಅರ್ಜಿಯಿಂದ ಸರಿಯಾಗುವ ಅಕ್ಷರದೋಷ, ಅವನು ತೀರಿದ ಮೇಲೆ ಹೆಂಡತಿಯ ಕುಟುಂಬ ಪಿಂಚಣಿಗೆ ತಿಂಗಳುಗಟ್ಟಲೆ ಅಡ್ಡ ನಿಲ್ಲುತ್ತದೆ. ಇದು ಪದಕಕ್ಕಿಂತ ಮೊದಲು ಆಗಬೇಕಾದ ಕೆಲಸ.

ಪದಕ ಬಿಟ್ಟುಹೋಗಿದ್ದರೆ ಸೈನ್ಯದ ನಂಬರು, ಹುದ್ದೆ, ಪಡೆಯ ಪೂರ್ತಿ ಹೆಸರು, ಯಾವ ತಿಂಗಳು ಎಲ್ಲಿದ್ದರು ಎಂಬುದನ್ನು ಬರೆದು ಆಯಾ ದಾಖಲೆ ಕಚೇರಿಗೆ ಅರ್ಜಿ ಹಾಕಬೇಕು. ಪ್ರತಿ ಪಡೆಗೆ ಅದರದೇ ದಾಖಲೆ ಕಚೇರಿ ಇದೆ. ಮದ್ರಾಸ್ ಸ್ಯಾಪರ್‌ಗಳದು ಬೆಂಗಳೂರಿನಲ್ಲಿ, ಮರಾಠಾ ಲೈಟ್ ಇನ್‌ಫಂಟ್ರಿಯದು ಬೆಳಗಾವಿಯಲ್ಲಿ. ವಿಳಾಸ ತಿಳಿಯದಿದ್ದರೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯವರು ಹೇಳುತ್ತಾರೆ, ಅವರ ಮೂಲಕವೇ ಅರ್ಜಿ ಕಳಿಸಲೂಬಹುದು. ಮೂಲ ಕಾಗದವನ್ನು ಎಂದೂ ಕೊಡಬೇಡಿ, ಪ್ರತಿ ಕೊಡಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕದಲ್ಲಿ ನಿಮ್ಮ ಸೇವಾ ದಾಖಲೆಯ ಪ್ರತಿಯನ್ನೇ ಕೇಳಬಹುದು. ಹಕ್ಕಿನ ತಕರಾರು ಇದ್ದರೆ 2007ರ ಕಾಯ್ದೆಯಿಂದ ಬಂದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ.

ತಡಮಾಡಬೇಡಿ ಎನ್ನಲು ಒಂದು ಗಟ್ಟಿ ಕಾರಣವಿದೆ. ಪಿಂಚಣಿ ಇಲ್ಲದೆ ಬಿಡುಗಡೆಯಾದ ಸೈನಿಕರ ಕಾಗದಗಳನ್ನು 25 ವರ್ಷ ಕಳೆದ ಮೇಲೆ ನಾಶಪಡಿಸುವ ನಿಯಮವಿದೆ. ಬಳಿಕ ಉಳಿಯುವುದು 'ಲಾಂಗ್ ರೋಲ್' ಎಂಬ ರಿಜಿಸ್ಟರಿನ ಒಂದೆರಡು ಸಾಲು ಮಾತ್ರ. ಆಗ ಸರ್ಕಾರದ ಕಡೆ ಇಲ್ಲದ ಸಾಕ್ಷಿ ನಿಮ್ಮ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿರಬಹುದು. ಹಳೆಯ ಇನ್‌ಲ್ಯಾಂಡ್ ಪತ್ರ, ಮನಿ ಆರ್ಡರಿನ ಚೀಟಿ, ಪಲ್ಟಣದ ಗುಂಪು ಫೋಟೊ ಇವನ್ನು ದೀಪಾವಳಿಯ ಸ್ವಚ್ಛತೆಯಲ್ಲಿ ಒಲೆಗೆ ಹಾಕಬೇಡಿ.

ಕೊನೆಯದಾಗಿ ಶಾಲೆಗೆ ಒಂದು ವಿನಂತಿ. ಐವತ್ತು ವರ್ಷಗಳ ದಾಖಲಾತಿ ರಿಜಿಸ್ಟರುಗಳು ನಮ್ಮ ಕಚೇರಿಯಲ್ಲಿವೆ. ಹುಟ್ಟಿದ ದಿನಕ್ಕೂ ತಂದೆಯ ಹೆಸರಿಗೂ ಅನೇಕ ಸೈನಿಕರ ಪಾಲಿಗೆ ಅವೇ ಮೊದಲ ಕಾಗದ. ಇಲ್ಲಿಂದ ಸೈನ್ಯ, ಅರೆಸೈನಿಕ ಪಡೆ, ಪೊಲೀಸ್ ಸೇರಿದವರ ಹೆಸರುಗಳ ಒಂದು ಪ್ರತ್ಯೇಕ ಪುಸ್ತಕವನ್ನು ಈ ವರ್ಷವೇ ತೆರೆಯೋಣ. ಯಾವ ಪಡೆ, ಯಾವ ವರ್ಷ, ಎಲ್ಲಿ ಕೆಲಸ, ಯಾವ ಪದಕ ಇಷ್ಟು ಸಾಕು. ಒಂಬತ್ತನೇ ತರಗತಿಯ ಮಕ್ಕಳು ಸಮಾಜ ವಿಜ್ಞಾನದ ಯೋಜನೆಯಾಗಿ ಮನೆಮನೆಗೆ ಹೋಗಿ ಬರೆದುಕೊಂಡು ಬರಲಿ. ಹಿರಿಯರು ಹೇಳಿದಂತೆಯೇ ಬರೆಯಲಿ, ತಾರೀಖು ಮಾತ್ರ ಕಾಗದ ನೋಡಿ ಹಾಕಲಿ. ಆ ಪುಸ್ತಕದ ಮೊದಲ ಪುಟಕ್ಕೆ ಬೇಕಾದ ಹೆಸರುಗಳಲ್ಲಿ ಕೆಲವನ್ನು ನಾನೇ ಬಂದು ಬರೆಸುತ್ತೇನೆ.